ಬಾನೆಟ್ಟಿನ ಮೇಲೆ ಕೂತ ರಾಹುಕಾಲ

ನೀವೇ ಹೇಳ್ರಪ್ಪ, ಇದರಲ್ಲಿ ನನ್ನ ತಪ್ಪೇನಿದೆ? ಹನಗೋಡಿನ ಪುಟ್ಟಸ್ವಾಮಣ್ಣನ ಟ್ರ್ಯಾಕ್ಟರ್ ಬಾನೆಟ್ ಮೇಲೆ ಇವತ್ತು ಬೆಳಿಗ್ಗೆ ಏರ್‌ಬ್ರಷ್‌ನಲ್ಲಿ ಆಂಜನೇಯನ ಚಿತ್ರ ಬರೆದೆ. ಸುತ್ತ ಬಣ್ಣ ಹಾರದಿರಲಿ ಅಂತ ಅಂಟಿಸಿದ್ದ ಮಾಸ್ಕಿಂಗ್ ಫಿಲ್ಮ್ ಕೀಳೋಕೆ ಹೋದ್ರೆ ಅಣ್ಣ ಕೈ ಹಿಡ್ಕೊಂಡ್ರು. "ತಡಿಯಪ್ಪ, ಬುಧವಾರ, ಹನ್ನೆರಡಾಯ್ತು. ರಾಹುಕಾಲ."

"ಈ ಬಿಸಿಲಿಗೆ ಫಿಲ್ಮಿನ ಅಂಟು ಕರಗಿ ಬಾನೆಟ್ಟಿಗೇ ಕೂತ್ಕತದೆ ಅಣ್ಣ. ಗಾಡಿನಾದ್ರೂ ನೆರಳಿಗೆ ತಳ್ಳೋಣ ಬನ್ನಿ" ಅಂದೆ.

"ರಾಹುಕಾಲದಲ್ಲಿ ಗಾಡಿ ಕದಲಿಸ್ತಾರೇನ್ಲಾ?"

ಒಂದೂವರೆಗೆ ಕಾಯಿ ಒಡೆದರು. ನಾನು "ಮೆಲ್ಲಗೆ" ಅನ್ನೋದ್ರೊಳಗೆ ಅವರೇ ಫಿಲ್ಮನ್ನ ಪರ್ರಂತ ಎಳೆದರು. ಅಂಟೆಲ್ಲ ಹಲಸಿನ ಮೇಣದ ಹಾಗೆ ಬಾನೆಟ್ಟಿನಲ್ಲೇ ಉಳೀತು. ಆಮೇಲೆ ಪೂಜೆಗೆ ಅಂತ ಅವರು ಹಾಕಿದ ಅರಿಶಿನ, ಕುಂಕುಮ, ಹೂವಿನ ಎಸಳು ಎಲ್ಲಾ ಅದಕ್ಕೇ ಮೆತ್ಕೊಂಡ್ವು.

"ಎಂಥಾ ಕಳಪೆ ಪ್ಲಾಸ್ಟಿಕ್ ಹಾಕಿದ್ದೀಯ್ಲಾ!" ಅಂತ ಇಡೀ ಬೀದಿ ಮುಂದೆ ಕೂಗಾಡಿದರು. ಒರೆಸೋಣ ಅಂತ ಬಟ್ಟೆಗೆ ಸೀಮೆಎಣ್ಣೆ ಹಾಕ್ಕೊಂಡ್ರೆ, "ಪೂಜೆ ಆಯ್ತಲ್ಲ, ಇವತ್ತು ಮುಟ್ಟಬ್ಯಾಡ" ಅಂದ್ರು!

ಫಿಲ್ಮ್ ಕೀಳೋಕೆ, ಗಾಡಿ ತಳ್ಳೋಕೆ, ಅಂಟು ಒರೆಸೋಕೆ, ಎಲ್ಲದಕ್ಕೂ ಗಳಿಗೆ ನೋಡೋ ಮನುಷ್ಯ, ನನ್ನನ್ನ ಬೈಯೋಕೆ ಮಾತ್ರ ಒಂದು ಕ್ಷಣನೂ ಕಾಯಲಿಲ್ಲ ಕಣ್ರೀ.