ಹನ್ನೆರಡನೆಯ ಕಲ್ಲು

ಕಾಫಿಪುಡಿಯ ಆ ಹಳೆಯ ತಗಡಿನ ಡಬ್ಬಿಯ ಮುಚ್ಚಳ ತೆಗೆದರೆ ಇವತ್ತಿಗೂ ಬರುವುದು ಕಾಫಿಯ ವಾಸನೆಯಲ್ಲ, ನುಸಿಗುಳಿಗೆಯದು. ಅಜ್ಜನ ಕರಿಯ ಕುಪ್ಯದ ಮಡಿಕೆಯೊಳಗೆ ವರ್ಷಗಟ್ಟಲೆ ಬೆಚ್ಚಗೆ ಮಲಗಿದ್ದ ಡಬ್ಬಿ ಅದು. ಆ ಉದ್ದನೆಯ ನಿಲುವಂಗಿಯನ್ನು ಅಜ್ಜ ಮುಂಬಯಿಯಲ್ಲಿ ಮದುವೆಗಳಿಗೆ ಮಾತ್ರ ಹೊರತೆಗೆಯುತ್ತಿದ್ದರು. ಡಬ್ಬಿಯಲ್ಲೀಗ ಇರುವುದು ಒಂದೇ ಕಲ್ಲು, ಹುಣಸೆಬೀಜಕ್ಕಿಂತ ತುಸು ದೊಡ್ಡದು. ಗ್ಯಾಸ್ ಆರಿಸಿದೆನೇ, ಚಿಲಕ ಹಾಕಿದೆನೇ ಎಂದು ದಿನಕ್ಕೆ ನಾಲ್ಕು ಸಲ ಎದ್ದು ಹೋಗಿ ನೋಡುವ ನಾನು ಈ ಕಲ್ಲನ್ನೂ ನೋಡಿ ಬರುತ್ತೇನೆ. ಕಲ್ಲು ಎಲ್ಲಿಗೆ ಹೋದೀತು? ಆದರೂ.

ಅರವತ್ತರ ದಶಕ ಮುಗಿಯುವ ಹೊತ್ತಿಗೆ ಗೋರೆಗಾಂವಿನ ನಮ್ಮ ಕಾಲನಿಯಲ್ಲಿ ಕೊಡಗಿನಿಂದ ಬಂದ ಮನೆಗಳು ಐದೋ ಆರೋ ಇದ್ದವು. ಮನೆಯೊಳಗೆ ಕೊಡವ ತಕ್ಕ್, ಮೆಟ್ಟಿಲ ಮೇಲೆ ಹಿಂದಿ, ಮಾಟುಂಗಕ್ಕೆ ಹೋದಾಗ ಕನ್ನಡ. ಬೆಟ್ಟದ ಮೇಲೆ ಹುಟ್ಟಿದ ಮಾತು ಸಮುದ್ರದ ದಡದಲ್ಲಿ ಸಾಯಬಾರದು ಎಂದು ಎದುರು ಬಿಲ್ಡಿಂಗಿನ ಬೋಪಣ್ಣ ಮಾಮ ಸಿಕ್ಕಿದಲ್ಲೆಲ್ಲ ಭಾಷಣ ಮಾಡುತ್ತಿದ್ದರು. ಅಜ್ಜನಿಂದ ನಮಗೆಲ್ಲ ಭಾನುವಾರದ ಪಾಠ ಶುರು ಮಾಡಿಸಿದವರೂ ಅವರೇ. ಮೊದಲು ಒಂಬತ್ತು ಮಕ್ಕಳಿದ್ದೆವು, ಅವಲಕ್ಕಿ ಕೊಡುವುದು ನಿಂತ ಮೇಲೆ ನಾನೊಬ್ಬಳೇ ಉಳಿದೆ. ಭಕ್ತಿಯಿಂದಲ್ಲ, ನಾನು ಅದೇ ಮನೆಯವಳು, ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ.

ಬೋಪಣ್ಣ ಮಾಮನ ಮಗಳು ಮುತ್ತಕ್ಕನ ಮದುವೆ ಗೊತ್ತಾಯಿತು. ಆ ಮನೆಗೆ ಅಜ್ಜನೇ ಅರುವ. ಎಂದರೆ, ಬೇರೆ ಮನೆತನದವನಾಗಿದ್ದೂ ಆ ಮನೆಯ ಸಂಬಂಧಗಳಿಗೆ ಸಾಕ್ಷಿ ನಿಲ್ಲುವವನು. ಮದುವೆಯ ದಿನ ಎರಡೂ ಕಡೆಯ ಅರುವರು ಎದುರುಬದುರು ನಿಂತು, ನಮ್ಮ ಮಾತಿನಲ್ಲೇ ಕೇಳಿ ಉತ್ತರಿಸಬೇಕು. ನಮ್ಮ ಹುಡುಗಿಗೆ ನಿಮ್ಮ ಗದ್ದೆಯಲ್ಲಿ, ಕೊಟ್ಟಿಗೆಯಲ್ಲಿ, ಒಲೆಯಲ್ಲಿ ಹಕ್ಕುಂಟೇ? ಉಂಟು. ಆಮೇಲೆ ಆ ಹಕ್ಕುಗಳ ಗುರುತಾಗಿ ಹನ್ನೆರಡು ಕಲ್ಲುಗಳಲ್ಲಿ ಹನ್ನೊಂದು ಗಂಡಿನ ಕಡೆಗೆ. ಹನ್ನೆರಡನೆಯದು ತವರಿನಲ್ಲೇ ಉಳಿಯುತ್ತದೆ: ಅವಳಿಗೆ ಕಷ್ಟ ಬಂದು ಹಿಂತಿರುಗಿದರೆ ಈ ಮನೆಯ ಬಾಗಿಲು ತೆರೆದಿದೆ ಎಂದು ಅರುವ ಎಲ್ಲರೆದುರು ಹೇಳಿಯೇ ಆ ಕಲ್ಲನ್ನು ಇಟ್ಟುಕೊಳ್ಳಬೇಕು. ಗಂಡಿನ ಕಡೆಯ ಅರುವ ಬೈಕುಲ್ಲಾದಲ್ಲಿ ಬೆಳೆದವನು, ಅವನಿಗೆ ಒಂದು ವಾಕ್ಯವೂ ಬಾರದು. ಅವನ ಹಿಂದೆ ನಿಂತು ನಾನು ಪಿಸುಗುಟ್ಟುವುದೆಂದು ಅಜ್ಜ ನಿಶ್ಚಯಿಸಿದರು. ಬಟಾಣಿ ಸುಲಿಯುತ್ತ ಎರಡು ತಿಂಗಳು ಉರುಹೊಡೆದೆ. ಮರೆತರೇನು ಗತಿ ಎಂದು ಹತ್ತು ವರ್ಷದ ನನಗೆ ಅನ್ನ ಸೇರುತ್ತಿರಲಿಲ್ಲ.

ಮರೆಯಲಿಲ್ಲ. ಮಾಟುಂಗದ ಮದುವೆ ಹಾಲ್‌ನಲ್ಲಿ ಅಜ್ಜ ಗಂಟಲು ಸರಿಮಾಡಿಕೊಂಡು ಮೊದಲ ಪ್ರಶ್ನೆ ಕೇಳಿದಾಗ ಉತ್ತರ ನನ್ನ ನಾಲಗೆಯ ತುದಿಯಲ್ಲೇ ಇತ್ತು. ಮುಂದಿನ ಸಾಲಿನಲ್ಲಿ ನನ್ನ ಶಾಲೆಯ ಹುಡುಗಿಯರು ಆಗಲೇ ಬಾಯಿಗೆ ಕೈ ಅಡ್ಡ ಹಿಡಿದಿದ್ದರು. ಬೋಪಣ್ಣ ಮಾಮ ಹಿಂದಿನಿಂದ ನನ್ನ ಭುಜ ಒತ್ತಿ, "ಸುಮ್ನಿರು ಮಗು, ಆಫೀಸಿನ ಸಾಹೇಬ್ರೆಲ್ಲ ಬಂದಿದ್ದಾರೆ. ನಗ್ತಾರೆ" ಎಂದರು. ನನಗೆ ಅಷ್ಟೇ ನೆಪ ಬೇಕಾಗಿತ್ತು. ಬಾಯಿ ಮುಚ್ಚಿದೆ. ಅಜ್ಜ ಮತ್ತೊಮ್ಮೆ ಕೇಳಿದರು, ಈ ಸಲ ಕಣ್ಣು ಅರುವನ ಮೇಲಲ್ಲ, ನನ್ನ ಮೇಲೆ. ಮಾಮ ಮೈಕ್ ಹಿಡಿದು, "ಬಸ್, ಹೋ ಗಯಾ. ಎರಡು ಗಂಟೆಗೆ ಹಾಲ್ ಖಾಲಿ ಮಾಡ್ಬೇಕು, ಎಲ್ಲ ಊಟಕ್ಕೆ ಏಳಿ" ಎಂದರು. ಚಪ್ಪಾಳೆ ಬಿತ್ತು. ಅಜ್ಜ ಹನ್ನೊಂದು ಕಲ್ಲನ್ನು ಮಾತಿಲ್ಲದೆ ದಾಟಿಸಿ, ಉಳಿದೊಂದನ್ನು ನನ್ನ ಅಂಗೈಗೆ ಹಾಕಿದರು.

ಬೈಯಲಿಲ್ಲ. ಮರುದಿನ ಬೆಳಿಗ್ಗೆ, "ಬೇಟಿ, ಪಾನಿ ಲಾವ್" ಎಂದರು. ವಾಚ್‌ಮನ್‌ನಿಂದ ಕಲಿತ ಆ ಮುರುಕು ಹಿಂದಿಯನ್ನು ಬಿಟ್ಟು ಸಾಯುವವರೆಗೂ ನನ್ನೊಡನೆ ಬೇರೆ ಮಾತಾಡಲಿಲ್ಲ.

ಅಜ್ಜ ಹೋದ ಮರುವರ್ಷ ಮುತ್ತಕ್ಕ ಒಂದು ಸೂಟ್‌ಕೇಸ್, ಒಂದು ಹೆಣ್ಣುಮಗುವಿನೊಂದಿಗೆ ತವರಿಗೆ ಬಂದಳು. ಕೊಟ್ಟ ಮೇಲೆ ಮುಗಿಯಿತು, ವಾಪಸ್ ಬರುವ ಪದ್ಧತಿ ನಮ್ಮಲ್ಲಿಲ್ಲ ಎಂದು ಮಾಮ ಬಾಗಿಲಲ್ಲೇ ತಡೆದರಂತೆ. ಭಾಷೆ ಉಳಿಸಲು ಹೊರಟಿದ್ದ ಅದೇ ಮಾಮ. ಅವಳು ರಸ್ತೆ ದಾಟಿ ನಮ್ಮ ಮನೆಗೆ ಬಂದು ಕೂತು, "ಅಜ್ಜ ಅವತ್ತು ಒಂದು ಕಲ್ಲು ಇಟ್ಕೊಂಡ್ರಲ್ಲ, ಅದಕ್ಕೆ ಏನೋ ಹೇಳ್ತಾರಂತೆ. ನಿಂಗೆ ಗೊತ್ತಲ್ವಾ?" ಎಂದಳು. ಡಬ್ಬಿ ತಂದು ಅಷ್ಟನ್ನೂ ಹೇಳಿದೆ, ಒಂದಕ್ಷರ ತಪ್ಪಲಿಲ್ಲ. ಆ ಹಳೆಯ ಮಾತುಗಳು ಅವಳಿಗೆ ಅರ್ಥವಾಗಲಿಲ್ಲ. ಹಿಂದಿಯಲ್ಲಿ ಬಿಡಿಸಿ ಹೇಳಬೇಕಾಯಿತು. ಕಲ್ಲನ್ನು ಬೆರಳಲ್ಲಿ ಹೊರಳಿಸಿ ನೋಡಿ ಡಬ್ಬಿಗೇ ಹಾಕಿದಳು.

"ನೀನೇ ಇಟ್ಕೋ. ಅವತ್ತು ಯಾರೂ ಕೇಳಿಸ್ಕೊಂಡಿಲ್ಲ."

ಮೂರು ರಾತ್ರಿ ನಮ್ಮಲ್ಲಿದ್ದು, ಎಲ್ಲಿಗೆಂದು ಹೇಳದೆ ಹೋದಳು. ಅವಳ ವಿಳಾಸ ನನಗೆ ಇವತ್ತಿಗೂ ಗೊತ್ತಿಲ್ಲ. ಆ ಕಾಲನಿಯಲ್ಲಿ ಈಗ ನಮ್ಮ ಮಾತಿನ ಮನೆ ಒಂದೂ ಇಲ್ಲ. ಇದನ್ನೂ, ನೋಡಿ, ಕನ್ನಡದಲ್ಲೇ ಬರೆಯುತ್ತಿದ್ದೇನೆ. ಗ್ಯಾಸ್, ಚಿಲಕ ಎಲ್ಲ ನೋಡಿಯಾದ ಮೇಲೆ ಡಬ್ಬಿ ತೆರೆದು ಅಜ್ಜನ ಪ್ರಶ್ನೆಯನ್ನು ನಾನೇ ಕೇಳಿ, ನಾನೇ ಉಂಟು ಎನ್ನುತ್ತೇನೆ. ಪಿಸುಗುಟ್ಟುವುದಿಲ್ಲ, ಗಟ್ಟಿಯಾಗಿಯೇ ಹೇಳುತ್ತೇನೆ. ನಗುವವರೂ ಈಗ ಯಾರೂ ಇಲ್ಲ.