ಸತ್ತ ಸಾಲುಗಳ ಭಾರ

ಬೇಡದ ಒಂದಕ್ಷರವನ್ನೂ ನಾನು ಬರೆಯುವವನಲ್ಲ ಎಂಬ ಜಂಬ ನನಗೆ ನಲವತ್ತು ದಾಟುವವರೆಗೂ ಇತ್ತು. ಎಪ್ಪತ್ತರ ದಶಕದಲ್ಲಿ ಮುದ್ದೇಬಿಹಾಳದ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದಾಗ, ಲೆಕ್ಕದಲ್ಲಿ ಒಂದು ಸಾಲು ಹೆಚ್ಚು ಕಂಡರೂ ಕೆಂಪು ಮಸಿಯಲ್ಲಿ ಹೊಡೆದು ಅರ್ಧ ಅಂಕ ಕಳೆಯುತ್ತಿದ್ದೆ. ಹಾಗೆ ಅಂಕ ಕಳೆದುಕೊಂಡ ಮೋರಟಗಿಯ ಈರಣ್ಣ ಮುಂದೆ ದೂರದ ಊರಿನ ಸಂಶೋಧನಾಲಯವೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ.

ಒಂದು ಬೇಸಿಗೆ ತರಬೇತಿಯಲ್ಲಿ ಆ ಯಂತ್ರದ ಹುಚ್ಚು ನನಗೂ ಹತ್ತಿತ್ತು. ಇಂಡಿ, ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳ ತಾಲ್ಲೂಕುಗಳ ಹಳೆಯ ಮಳೆ ದಾಖಲೆ ಕೂಡಿಹಾಕಿ, ಹಿಂಗಾರಿ ಜೋಳ ಬಿತ್ತಲು ಯಾವ ವಾರ ಒಳ್ಳೆಯದೆಂದು ಹೇಳುವ ಪ್ರೋಗ್ರಾಂ ಬರೆದೆ. ಆಗ ಪ್ರೋಗ್ರಾಂ ಎಂದರೆ ತೂತು ಕೊರೆದ ರಟ್ಟಿನ ಕಾರ್ಡುಗಳು; ಕಾರ್ಡಿಗೊಂದು ಸಾಲಿನಂತೆ ಒಂದು ಟ್ರಂಕು ತುಂಬಿತು. ಹಿಂದಿನ ವರ್ಷ ಈರಣ್ಣನ ಸಂಶೋಧನಾಲಯದಲ್ಲಿ ಇಂಡಿ ತಾಲ್ಲೂಕೊಂದರ ಅಂಕಿ ಹಾಕಿ ನೋಡಿದಾಗ ಸುಸೂತ್ರವಾಗಿ ಓಡಿತ್ತು. ಆ ಧೈರ್ಯದಲ್ಲಿ ರೈತರ ಸಭೆಯಲ್ಲಿ ಉತ್ತರ ಹೇಳುತ್ತೇನೆಂದು ಒಪ್ಪಿಕೊಂಡೆ. ಸಭೆಗೆ ವಾರವಿರುವಾಗ ಟ್ರಂಕು ಹೊತ್ತು ಮತ್ತೆ ಅಲ್ಲಿಗೆ ಹೋದರೆ, ಅದೇ ಇಂಡಿ ತಾಲ್ಲೂಕಿನ ಅಂಕಿಗೇ ಯಂತ್ರ ತನ್ನ ನೆನಪಿನಲ್ಲಿ ಜಾಗ ಸಾಲದೆಂದಿತು.

ನಮ್ಮ ಬರಹವನ್ನು ಯಂತ್ರದ ಭಾಷೆಗೆ ಇಳಿಸಿಕೊಡುವ ಕಂಪೈಲರ್ ಎಂಬುದೊಂದಿದೆ. ಅದರ ಸುಧಾರಿತ ಆವೃತ್ತಿ ಆಗಷ್ಟೇ ಬಂದಿತ್ತು. ಸುಧಾರಣೆ ಎಂಬ ಪದವನ್ನೇ ನಾನು ಮಧ್ಯಾಹ್ನದವರೆಗೆ ಬೈದೆ. ಈರಣ್ಣ ಅಚ್ಚಾದ ಹಾಳೆಗಳ ಎರಡು ಕಂತೆ ತಂದ. ಹಳೆಯ ಕಂಪೈಲರ್ ಹಿಂದಿನ ವರ್ಷ ಇಳಿಸಿದ್ದನ್ನೂ ಹೊಸದು ಈಗ ಇಳಿಸಿದ್ದನ್ನೂ ಮೇಜಿನ ಮೇಲೆ ಹಾಸಿ, ಸಾಲು ಸಾಲು ಹೋಲಿಸಿದ. ಲೆಕ್ಕ ಮಾಡಿದರೂ ಉತ್ತರ ಎಲ್ಲಿಯೂ ಬಳಕೆಯಾಗದ ಸಾಲುಗಳಿಗೆ ಕಂಪ್ಯೂಟರಿನವರಲ್ಲಿ ಸತ್ತ ಸಾಲು ಎನ್ನುತ್ತಾರಂತೆ. ಹಳೆಯ ಕಂಪೈಲರ್ ಅವನ್ನು ಸದ್ದಿಲ್ಲದೆ ತೆಗೆದುಹಾಕುತ್ತಿತ್ತು. ಹೊಸದು ಆ ಕೆಲಸ ಮರೆತು ಎಲ್ಲವನ್ನೂ ಉಳಿಸಿಕೊಂಡಿತ್ತು.

"ಹೊಸಾದು ತಪ್ಪೈತ್ರಿ ಸರ, ಖರೆ," ಎಂದ ಈರಣ್ಣ, ತಲೆ ಎತ್ತದೆ. "ಆದ್ರ ಇಷ್ಟು ಕಸಾ ಬರದಾವ್ರು ನೀವರಿ."

ಹಳೆಯ ಕಂಪೈಲರನ್ನು ಯಂತ್ರದಿಂದ ಆಗಲೇ ತೆಗೆದಾಗಿತ್ತು, ಹೊಸದು ದುರಸ್ತಿಯಾಗಲು ತಿಂಗಳು ಬೇಕಿತ್ತು. ಕಸ ತೆಗೆಯಲು ಎರಡು ದಿನ ಸಾಕಾಯಿತು. ಗಾಳಿಯ ವೇಗದ ಸರಾಸರಿ, ಬಿಸಿಲಿನ ಅಂದಾಜು, ಯಾರಿಗೂ ಬೇಡದ ಒಂದು ವರ್ಗಮೂಲ, ಎಲ್ಲ ಬುಟ್ಟಿಗೆ ಬಿದ್ದವು. ವಾರಗಟ್ಟಲೆ ತಿದ್ದಿ ಬರೆದಿದ್ದ ಇಬ್ಬನಿಯ ಸೂತ್ರ ಬಿಡಲು ಮನಸ್ಸಾಗಲಿಲ್ಲ. ಇದೊಂದು ಇರಲಿ ಎಂದು ಕೇಳಿಕೊಂಡೆ. ಈರಣ್ಣ ಬಹಳ ಗೌರವದಿಂದ ಆ ಕಾರ್ಡನ್ನು ನನ್ನ ಕೈಯಿಂದಲೇ ತೆಗೆದುಕೊಂಡು ಬುಟ್ಟಿಗೆ ಹಾಕಿದ. ಅರ್ಧ ಅಂಕದ ನೆನಪು ಅವನಿಗಿತ್ತೋ ಇಲ್ಲವೋ, ಕೇಳುವ ಧೈರ್ಯ ನನಗಾಗಲಿಲ್ಲ. ಪ್ರೋಗ್ರಾಂ ಮಾತ್ರ ನಾಲ್ಕು ತಾಲ್ಲೂಕಿಗೂ ಓಡಿತು.

ಸಭೆಯಲ್ಲಿ ಹನ್ನೆರಡು ಹಾಳೆ ಹಿಡಿದು ನಿಂತೆ. ಮೂರನೆಯ ಹಾಳೆಯಲ್ಲಿದ್ದಾಗ, ದೇವಣಗಾಂವದಿಂದ ಬಂದಿದ್ದ ಮುದುಕರೊಬ್ಬರು ಯಾವಾಗ ಬಿತ್ತಬೇಕು ಎಂಬುದಷ್ಟನ್ನೇ ಹೇಳುವಂತೆ ಕೇಳಿದರು. ಉತ್ತರಿ ಮಳೆ ಮುಗಿಯುವುದರೊಳಗೆ, ಅಂದರೆ ಸೆಪ್ಟೆಂಬರ್ ಕೊನೆಯೊಳಗೆ, ಎಂದೆ.

ಅವರು ಸಮಾಧಾನದಿಂದ ತಲೆಯಾಡಿಸಿದರು. "ನಮ್ಮವ್ವನೂ ಇದನ್ನ ಹೇಳತಿದ್ಲರಿ. ನಿಮ್ಮ ಮಿಶಿನ್ ಶ್ಯಾಣೇ ಐತಿ ಬಿಡ್ರಿ."