ಅಂಜಿಕೆಯ ಬಸಿರು

ಕುತ್ತಿಗೆಯ ಹಿಂಬದಿಯಲ್ಲಿ ಗಂಟು ಕೈಗೆ ಸಿಕ್ಕಿದ್ದು ತಲೆಗೆ ಎಣ್ಣೆ ಹಚ್ಚಿಕೊಳ್ಳುವಾಗ. ನನಗೆ ಆಗ ಮೂರು ತಿಂಗಳು ತುಂಬಿ ನಾಲ್ಕು ನಡೆಯುತ್ತಿತ್ತು. ಅದಕ್ಕೂ ಮುಂಚೆ ಕೆಲವು ದಿನ ಮೈ ಬೆಚ್ಚಗಿತ್ತು, ಕೈಕಾಲು ಸೋತಿದ್ದವು. ಬಸಿರಿಯ ಸುಸ್ತು ಎಂದುಕೊಂಡು ಸುಮ್ಮನಿದ್ದೆ. ಗಂಟು ನೋಯುತ್ತಿರಲಿಲ್ಲ. ಆದರೆ ಒಂದಿದ್ದದ್ದು ಎರಡಾಯಿತು, ಎರಡೂ ದಪ್ಪವಾದವು.

"ಥಂಡಿ ಗಂಟು ಇರಬೇಕ್ ಬಿಡು," ಎಂದರು ನನ್ನವರು. ಆದರೂ ಆಸ್ಪತ್ರೆಗೆ ಕರೆದುಕೊಂಡು ಹೋದರು.

ನಾವಿದ್ದದ್ದು ಹೈದರಾಬಾದಿನ ಕಾಚಿಗೂಡದಲ್ಲಿ, ಹಳೆಯ ಕಟ್ಟಡವೊಂದರ ಮೇಲಿನ ಮನೆಯಲ್ಲಿ. ನನ್ನವರಿಗೆ ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ನೌಕರಿ. ಬೆಳಿಗ್ಗೆ ಕಂಪನಿ ಬಸ್ಸು ಹತ್ತಿದರೆ ಸಂಜೆಯೇ ಮನೆ. ನಾನು ವಾಂತಿ ಮಾಡಿ ಮಾಡಿ ಸೊರಗಿದ್ದೇನೆಂದು ತಿಳಿದು ಅತ್ತೆ ವಿಜಯಪುರದ ಕಡೆಯಿಂದ ರೈಲಿಗೆ ಬಂದಿದ್ದರು. ಬಂದವರೇ ಮಾಳಿಗೆಯ ಮೇಲೆ ಬಿದ್ದಿದ್ದ ಒಡಕು ಟಬ್ಬುಗಳಿಗೆಲ್ಲ ಮಣ್ಣು ತುಂಬಿಸಿ ಮೆಂತ್ಯೆ, ಕೊತ್ತಂಬರಿ, ಮೂಲಂಗಿ ಬಿತ್ತಿದರು. ನಮ್ಮ ಕಡೆಯವರಿಗೆ ಜೋಳದ ರೊಟ್ಟಿಯ ಪಕ್ಕದಲ್ಲಿ ಹಸಿ ಸೊಪ್ಪು ಇರದಿದ್ದರೆ ಉಂಡಂತಾಗುವುದಿಲ್ಲ. ಆ ದಿನಗಳಲ್ಲಿ ನನ್ನ ಬಾಯಿಗೆ ಸೇರುತ್ತಿದ್ದದ್ದೂ ಅದೊಂದೇ: ಎಳೆ ಮೆಂತ್ಯೆ, ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ, ಮೊಸರು. ಅತ್ತೆ ಆಗಷ್ಟೇ ಕಿತ್ತು ತಂದು, ನೀರಲ್ಲಿ ಒಮ್ಮೆ ಅದ್ದಿ, ತಾಟಿಗೆ ಹಾಕುತ್ತಿದ್ದರು.

ರಕ್ತ ತೆಗೆದುಕೊಂಡ ಮೇಲೆ ಡಾಕ್ಟರಮ್ಮ ನಮ್ಮನ್ನು ಮತ್ತೆ ಕರೆಸಿದರು. ಅವರು ತೆಲುಗಿನವರು, ಮಾತು ಮೆದು. ಅತ್ತೆಯೂ ಜೊತೆಗೆ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದರು. ಟಾಕ್ಸೊಪ್ಲಾಸ್ಮಾ ಎಂಬ ಶಬ್ದ ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಯಂತೆ. ಬೆಕ್ಕಿನ ಹೇಲಿನಲ್ಲಿ, ಅದು ಬೆರೆತ ಮಣ್ಣಿನಲ್ಲಿ, ಸರಿಯಾಗಿ ಬೇಯದ ಮಾಂಸದಲ್ಲಿ ಇರುತ್ತದಂತೆ.

"ನಿಮಗೇನೂ ಆಗುವುದಿಲ್ಲಮ್ಮ. ಜ್ವರ ಬಂದು ಹೋಗುತ್ತದೆ, ಗಂಟು ತಾನೇ ಕರಗುತ್ತದೆ," ಎಂದರು. "ಆದರೆ ಬಸಿರಲ್ಲಿ ಹೊಸದಾಗಿ ತಗುಲಿದ್ದರೆ ಕೂಸಿಗೂ ದಾಟಬಹುದು."

"ದಾಟಿದರೆ?" ಎಂದೆ.

ಅವರು ಮುಚ್ಚಿಡಲಿಲ್ಲ. ಬಸಿರು ಇಳಿಯಬಹುದು, ಕೂಸಿನ ತಲೆಯಲ್ಲಿ ನೀರು ತುಂಬಬಹುದು, ಮೆದುಳಿಗೆ, ಕಣ್ಣಿಗೆ ಪೆಟ್ಟಾಗಬಹುದು ಎಂದರು. ಶುರುವಿನ ತಿಂಗಳುಗಳಲ್ಲಿ ದಾಟುವುದು ಕಡಿಮೆ, ಆದರೆ ದಾಟಿದರೆ ಹಾನಿ ಹೆಚ್ಚು ಎಂದೂ ಹೇಳಿದರು. ಕೊನೆಗೆ ಮೇಜಿನ ಮೇಲಿದ್ದ ನನ್ನ ಕೈ ಮುಟ್ಟಿ, "ಭಯಪಡಕಂಡಿ," ಎಂದರು. ಅಂಜಬೇಡಿ ಎಂದು ಅವರು ಹೇಳಿದ ಕೂಡಲೇ ನನಗೆ ಅಂಜಿಕೆ ಶುರುವಾಯಿತು. ನನಗೇನೂ ಆಗುವುದಿಲ್ಲ ಎಂಬ ಮಾತೇ ನನ್ನನ್ನು ಹೆಚ್ಚು ಹೆದರಿಸಿತ್ತು. ನನ್ನ ಮೈಯಲ್ಲಿ ಆರಾಮಾಗಿ ಕುಳಿತದ್ದು ನನ್ನ ಕೂಸನ್ನು ತಿನ್ನುತ್ತದೆಯೆಂದರೆ ನಾನು ಎಲ್ಲಿಗೆ ಓಡಲಿ?

"ಮನೆಯಲ್ಲಿ ಬೆಕ್ಕು ಸಾಕಿದ್ದೀರಾ?"

"ಇಲ್ಲ."

"ಮಾಂಸ?"

"ನಮ್ಮ ಮನೆಗೆ ಮೊಟ್ಟೆಯೂ ಬರುವುದಿಲ್ಲ."

"ಮಣ್ಣಿನ ಕೆಲಸ? ಹಸಿ ತರಕಾರಿ, ಸೊಪ್ಪು?"

ನನಗೆ ಮಾಳಿಗೆಯ ಟಬ್ಬುಗಳು ನೆನಪಾದವು. ಪಕ್ಕದ ಮಾಳಿಗೆಯಿಂದ ಬೀದಿಯ ಬೆಕ್ಕುಗಳು ಗೋಡೆ ದಾಟಿ ನಮ್ಮಲ್ಲಿಗೆ ಬರುತ್ತಿದ್ದವು. ಟಬ್ಬಿನ ಮೆತ್ತನೆಯ ಮಣ್ಣನ್ನು ಕೆದರಿ ಹೋಗುತ್ತಿದ್ದವು. ಅತ್ತೆ ಅವನ್ನು ಬೈದು ಓಡಿಸಿ, ಮಣ್ಣನ್ನು ಕೈಯಿಂದಲೇ ಮತ್ತೆ ಸಮ ಮಾಡುತ್ತಿದ್ದರು.

ಅತ್ತೆಗೆ ತೆಲುಗು ಬಾರದು. ನನ್ನ ಸೆರಗು ಜಗ್ಗಿ ಕೇಳಿದರು, "ಏನ್ ಕೇಳಾಕತ್ತಾರವ್ವಾ?"

ಸುಳ್ಳು ಹೇಳುವಷ್ಟು ಎಚ್ಚರ ನನಗಿರಲಿಲ್ಲ. "ಬೆಕ್ಕು ಓಡಾಡಿದ ಮಣ್ಣಾಗ ಬೆಳದ ಸೊಪ್ಪು ಹಸೀದ ತಿಂದೀರೇನು ಅಂತ ಕೇಳಾಕತ್ತಾರ್ರಿ ಅತ್ತಿ," ಎಂದೆ.

ಅತ್ತೆ ನನ್ನ ಸೆರಗು ಬಿಟ್ಟರು.

ಸೋಂಕು ಹಳೆಯದೋ ಹೊಸದೋ ತಿಳಿಯಲು ಇನ್ನೊಮ್ಮೆ ರಕ್ತ ಕಳಿಸಿದರು. ಬಸಿರಿಗೆ ಮುಂಚಿನದಾದರೆ ಚಿಂತೆಯಿಲ್ಲ ಎಂದಿದ್ದರು. ಹಳೆಯದಾಗಲಿ ಎಂದು ನಾನು ಕಂಡ ದೇವರಿಗೆಲ್ಲ ಕೈಮುಗಿದೆ. ಹಳೆಯದೆಂದು ಹೇಳಲು ಬರುವುದಿಲ್ಲ, ಹೊಸದೇ ಎಂದುಕೊಂಡು ಔಷಧಿ ಶುರು ಮಾಡೋಣ ಎಂದು ಉತ್ತರ ಬಂತು.

ಕೂಸಿಗೆ ದಾಟದಂತೆ ತಡೆಯುವ ಮಾತ್ರೆ ಎಲ್ಲ ಅಂಗಡಿಗಳಲ್ಲೂ ಸಿಗುವಂಥದ್ದಾಗಿರಲಿಲ್ಲ. ನನ್ನವರು ರಜೆ ಹಾಕಿ ಸ್ಕೂಟರಿನಲ್ಲಿ ಕಾಚಿಗೂಡ, ಕೋಠಿ, ನಾಂಪಲ್ಲಿ ತಿರುಗಿದರು. ಒಂದೊಂದು ಔಷಧಿ ಅಂಗಡಿಯಿಂದ ಹೊರಬಂದಾಗಲೂ ಫೋನ್ ಮಾಡುತ್ತಿದ್ದರು. "ಇಲ್ಲೂ ಇಲ್ಲ. ಮುಂದಿನ ಅಂಗಡ್ಯಾಗ ನೋಡ್ತೀನಿ. ನೀ ಗಾಬರಿ ಆಗಬ್ಯಾಡ." ಅವರ ದನಿಯೇ ಗಾಬರಿಯಾಗಿತ್ತು. ಹೊತ್ತು ಮುಳುಗುವ ಮುಂಚೆ ಡಬ್ಬಿ ಹಿಡಿದು ಬಂದರು. ಮೊದಲ ಮಾತ್ರೆ ನುಂಗುವಾಗ ಅವರೇ ಲೋಟ ಹಿಡಿದರು.

ಇತ್ತ ಅತ್ತೆ ಅಡುಗೆಮನೆಗೆ ಕಾಲಿಡುವುದನ್ನೇ ಬಿಟ್ಟಿದ್ದರು. ಟಬ್ಬುಗಳ ಮಣ್ಣನ್ನು ಎಲ್ಲಿಗೋ ಸಾಗಿಸಿದ್ದಾಗಿತ್ತು. ನಾನು ಕೊಟ್ಟಾಗ ಉಣ್ಣುವುದು, ಗೋಡೆಗೆ ಒರಗಿ ಕೂಡುವುದು, ಇಷ್ಟೇ. ಒಂದು ಬೆಳಿಗ್ಗೆ ನೋಡಿದರೆ ಚೀಲ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ.

"ನಾ ಊರಿಗಿ ಹೋಗ್ತೀನಿ. ಸ್ಟೇಷನ್ ಇಲ್ಲೇ ಐತಲ್ಲ, ನಡಕೋತ ಹೋಗ್ತೀನಿ."

"ಯಾಕ್ರಿ ಅತ್ತಿ?"

"ನನ್ನ ಕೈಯ್ಯಾರ ಉಣಿಸೇನೆವ್ವಾ. ತಿನ್ನು ತಿನ್ನು ಅಂತ ಬೆನ್ನ ಹತ್ತಿ ಉಣಿಸೇನಿ. ಇನ್ನ ಯಾವ ಕೈಲೆ ನಿನಗ ಅನ್ನ ಹಾಕಲಿ?"

ನಿಜ ಹೇಳಬೇಕೆಂದರೆ ಆ ದಿನಗಳಲ್ಲಿ ನನ್ನೊಳಗೆ ಅವರ ಮೇಲೆ ಸಿಟ್ಟೂ ಇತ್ತು. ಆದರೆ ಅವರು ಚಪ್ಪಲಿ ಮೆಟ್ಟಿದ್ದನ್ನು ಕಂಡಾಗ ಸಿಟ್ಟಿಗಿಂತ ಅಂಜಿಕೆ ದೊಡ್ಡದಾಯಿತು. ಹಗಲೆಲ್ಲ ಆ ಮನೆಯಲ್ಲಿ ನಾನೊಬ್ಬಳೇ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂಡುವುದನ್ನು ನೆನೆಸಿಕೊಂಡೆ. ಚೀಲಕ್ಕೆ ಕೈ ಹಾಕಿ ಹಿಡಿದುಬಿಟ್ಟೆ.

"ಎಲ್ಲಿಂದ ಬಂತು ಅಂತ ಯಾರಿಗೂ ಗೊತ್ತಿಲ್ರಿ. ಹೊರಗಿನ ಚಟ್ನಿಯಿಂದ ಬಂದಿರಬಹುದು, ನೀರಿನಿಂದ ಬಂದಿರಬಹುದು ಅಂತ ಡಾಕ್ಟರ ಹೇಳ್ಯಾರ. ನೀವೂ ಹೋದ್ರ ನಾ ಇಲ್ಲಿ ಅಂಜಿ ಸಾಯ್ತೀನ್ರಿ ಅತ್ತಿ."

ಅವರು ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕುಳಿತು ಅತ್ತರು. ನನಗೂ ಅಳು ಬಂತು. ಆಮೇಲೆ ಅವರು ಎದ್ದು ಕೈತೊಳೆದು ರೊಟ್ಟಿ ಹಿಟ್ಟು ಕಲಸಿದರು. ಅಂದಿನಿಂದ ಎಲ್ಲವನ್ನೂ ತಿಕ್ಕಿ ತಿಕ್ಕಿ ತೊಳೆದು, ಬಣ್ಣಗೆಡುವ ತನಕ ಕುದಿಸಿ ಹಾಕಿದರು. ಬದನೆಕಾಯಿಗೂ ಹೀರೇಕಾಯಿಗೂ ರುಚಿಯಲ್ಲಿ ಭೇದವೇ ಇರುತ್ತಿರಲಿಲ್ಲ. ನಾನು ತುಟಿಪಿಟಕ್ಕೆನ್ನದೆ ಉಂಡೆ.

ಐದನೆಯ ತಿಂಗಳಲ್ಲಿ ಹೊಟ್ಟೆಯೊಳಗಿನ ನೀರು ತೆಗೆದು ಪರೀಕ್ಷೆ ಮಾಡಬೇಕೆಂದರು. ಕೂಸಿಗೆ ದಾಟಿದೆಯೋ ಇಲ್ಲವೋ ತಿಳಿಯಲು ಅದೇ ದಾರಿ. ಸೂಜಿಯಿಂದಲೇ ಬಸಿರಿಗೆ ಅಪಾಯವಾಗುವ ಸಾಧ್ಯತೆ ಬಲು ಕಡಿಮೆ, ಆದರೆ ಇಲ್ಲವೇ ಇಲ್ಲ ಎನ್ನಲಾಗದು ಎಂದೂ ತಿಳಿಸಿದರು. ಬೇಗಂಪೇಟೆಯ ಕಡೆ ಇದ್ದ ದೊಡ್ಡ ಆಸ್ಪತ್ರೆಗೆ ಹೋದೆವು. ಮಲಗಿದಲ್ಲಿಂದಲೇ ಸ್ಕ್ಯಾನಿನ ಪರದೆ ಕಾಣುತ್ತಿತ್ತು. ಕೂಸು ಕೈ ಮುಖದ ಹತ್ತಿರ ಇಟ್ಟುಕೊಂಡು ಮಲಗಿತ್ತು. ಆಚೆಯಿಂದ ಬಿಳಿ ಗೆರೆಯಂತೆ ಸೂಜಿ ಒಳಗೆ ಇಳಿಯಿತು. ಈಗ ಅಲುಗಾಡಬೇಡ ಮಗಾ, ಅಲುಗಾಡಬೇಡ ಎಂದು ಒಳಗೊಳಗೇ ಬೇಡಿಕೊಂಡೆ. ನೋವು ಹೆಚ್ಚೇನೂ ಆಗಲಿಲ್ಲ. ಉಸಿರು ಮಾತ್ರ ಎಲ್ಲೋ ನಿಂತುಬಿಟ್ಟಿತ್ತು. ನರ್ಸಮ್ಮ ಕೆನ್ನೆ ತಟ್ಟಿ, ಉಸಿರಾಡಿ ಎಂದು ನೆನಪಿಸಬೇಕಾಯಿತು.

ಮನೆಗೆ ಬಂದ ಮೇಲೆ ಪ್ರತಿಸಲ ಬಚ್ಚಲಿಗೆ ಹೋದಾಗಲೂ ರಕ್ತ ಕಾಣುತ್ತದೇನೋ ಎಂದು ಕಣ್ಣುಮುಚ್ಚಿ ಆಮೇಲೆ ನೋಡುತ್ತಿದ್ದೆ. ಉತ್ತರ ಬಂದ ದಿನ ನನ್ನವರು ಕಾರ್ಖಾನೆಯಿಂದಲೇ ಫೋನ್ ಮಾಡಿದರು. "ನೀರಾಗ ಏನೂ ಸಿಕ್ಕಿಲ್ಲಂತ. ಕೇಳಿಸ್ತೇನು? ಏನೂ ಸಿಕ್ಕಿಲ್ಲಂತ!" ಅತ್ತೆ ದೇವರ ಮುಂದೆ ತುಪ್ಪದ ದೀಪ ಹಚ್ಚಿದರು.

ಡಾಕ್ಟರಮ್ಮನಿಗೂ ಖುಷಿಯಾಯಿತು. ಆದರೆ, "ಇಷ್ಟಕ್ಕೇ ಪೂರ್ತಿ ಮುಗಿಯಿತು ಎನ್ನಲಾಗದು. ಮಾತ್ರೆ ಬಿಡಬೇಡಿ," ಎಂದರು. ತಿಂಗಳು ತಿಂಗಳೂ ಸ್ಕ್ಯಾನ್. ಮೆದುಳಿನೊಳಗಿನ ನೀರಿನ ಜಾಗ ಅಗಲವಾಗಿದೆಯೇ ಎಂದು ಅವರು ಅಳೆಯುವಾಗ ನಾನು ಪರದೆಯನ್ನು ನೋಡುತ್ತಿರಲಿಲ್ಲ, ಅವರ ಹುಬ್ಬನ್ನು ನೋಡುತ್ತಿದ್ದೆ. ಕುಬಸದ ದಿನ, ಅಂದರೆ ಸೀಮಂತದ ದಿನ, ಹಸಿರು ಸೀರೆ ಉಡಿಸಿ, ಆರತಿ ಬೆಳಗಿ, ಹೆಂಗಸರೆಲ್ಲ ಹಾಡಿದರು. ಆಗ ನಗುತ್ತಾ ಕುಳಿತ ನನ್ನ ಫೋಟೋ ಈಗಲೂ ಇದೆ. ಅದನ್ನು ನೋಡಿದವರು ಎಷ್ಟು ಕಳೆ ಬಂದಿತ್ತು ಮುಖಕ್ಕೆ ಎನ್ನುತ್ತಾರೆ.

ಮಗಳು ಹುಟ್ಟಿದಳು. ಜೋರಾಗಿ ಅತ್ತಳು. ಅವಳ ತಲೆಯ ಸುತ್ತಳತೆ ಸರಿಯಿತ್ತು, ತಲೆಯ ಸ್ಕ್ಯಾನ್ ಸರಿಯಿತ್ತು. ಕಣ್ಣಿನ ಡಾಕ್ಟರರು ಆ ಎಳೆ ಕಣ್ಣಿಗೆ ಹನಿ ಹಾಕಿ, ರೆಪ್ಪೆ ಬಿಡಿಸಿ ಬೆಳಕು ಬಿಟ್ಟು ನೋಡಿದರು. ಅವಳ ಕಿರುಚಾಟಕ್ಕೆ ನಾನು ಹೊರಗೆ ಗೋಡೆ ಹಿಡಿದು ನಿಂತೆ. ಅಲ್ಲೂ ಕಲೆಯಿರಲಿಲ್ಲ.

ಆದರೆ ಅವಳ ರಕ್ತದಲ್ಲಿ ಸೋಂಕಿನ ಗುರುತಿತ್ತು. ಅದನ್ನು ಕೇಳಿ ನಾನು ಮಂಚದ ಮೇಲೇ ಹಿಂದಕ್ಕೆ ಒರಗಿದೆ. ಮಕ್ಕಳ ಡಾಕ್ಟರರು ಸಮಾಧಾನವಾಗಿ ಬಿಡಿಸಿ ಹೇಳಿದರು: ಅದು ನನ್ನ ರಕ್ತದಿಂದ ಅವಳಿಗೆ ಬಂದದ್ದಿರಬಹುದು. ಅವಳ ಸ್ವಂತದ್ದಲ್ಲದಿದ್ದರೆ ತಿಂಗಳು ಕಳೆದಂತೆ ಇಳಿದು ಮಾಯವಾಗಬೇಕು. ಇಳಿಯದಿದ್ದರೆ ಅವಳಿಗೂ ತಗುಲಿದೆ ಎಂದು ಅರ್ಥ.

ಹಾಗಾಗಿ ನನ್ನ ಬಸಿರು ಹೆರಿಗೆಯಿಂದ ಮುಗಿಯಲಿಲ್ಲ. ಮಗಳು ಬೋರಲು ಬಿದ್ದಳು, ಅಂಬೆಗಾಲಿಟ್ಟಳು. ನಡುನಡುವೆ ಆ ಸಣ್ಣ ಕೈಯಿಂದ ರಕ್ತ ತೆಗೆಸಲು ಹೋಗುತ್ತಿದ್ದೆವು. ಅಂಕಿ ಇಳಿಯುತ್ತಿತ್ತು. ಒಮ್ಮೆ ಮಾತ್ರ ಅಂದುಕೊಂಡಷ್ಟು ಇಳಿಯಲಿಲ್ಲ. ಮುಂದಿನ ಪರೀಕ್ಷೆಯ ತನಕ ನಾನು ಅವಳಿಗೆ ಮೊಲೆಯೂಡಿಸುವಾಗಲೂ ಮೈ ಬಿಗಿಹಿಡಿದೇ ಇರುತ್ತಿದ್ದೆ. ಅವಳ ಮೊದಲ ಹುಟ್ಟುಹಬ್ಬ ಹತ್ತಿರ ಬಂದಾಗ ಗುರುತು ಪೂರ್ತಿ ಅಳಿದಿತ್ತು. ಡಾಕ್ಟರರು ಅವಳ ತಲೆ ಸವರಿ, "ಇವಳಿಗೆ ತಗುಲಿಲ್ಲ. ಇನ್ನು ಇದಕ್ಕಾಗಿ ಬರಬೇಡಿ," ಎಂದರು. ನಾನು ಇನ್ನೊಮ್ಮೆ ಹೇಳಿ ಎಂದೆ. ಅವರು ನಕ್ಕು ಇನ್ನೊಮ್ಮೆ ಹೇಳಿದರು.

ಈಗ ಅವಳು ಮನೆ ಹತ್ತಿರದ ಶಿಶುವಿಹಾರಕ್ಕೆ ಹೋಗುತ್ತಾಳೆ. ಎಲ್ಲ ಮಕ್ಕಳ ಹಾಗೆ ಕಣ್ಣುಮುಚ್ಚಾಲೆ ಆಡುತ್ತಾಳೆ. ಮೊನ್ನೆ ಬಾಗಿಲ ಸಂದಿಯಿಂದ, "ಅವ್ವಾ, ನನಗ ಏನೂ ಕಾಣಸವಲ್ದು," ಎಂದಳು. ಕೈಯಲ್ಲಿದ್ದದ್ದನ್ನು ಬಿಟ್ಟು ಓಡಿದೆ. ಅವಳು ಬಾಗಿಲ ಪರದೆಯನ್ನು ಮುಖಕ್ಕೆ ಸುತ್ತಿಕೊಂಡು ನಗುತ್ತಿದ್ದಳು.